ಅವರಿಬ್ಬರು ಮಾತು ಬಿಟ್ಟ ಕಾರಣ

ಹನುಮೇಶ,

ನೀನು ನನ್ನ ಟೈಲರ್ ಅಂಗಡಿಗೆ ಬರುವುದು ಬಿಟ್ಟೆ. ನಾವಿಬ್ಬರೂ ಇಲ್ಲಿ ಕೂತು ನೋಡುತ್ತಿದ್ದ ಕ್ರೈಮ್ ಧಾರಾವಾಹಿ ಮಾತ್ರ ಮತ್ತೆ ಬಂದಿದೆ. ಈ ಸಲ ಹಳೆಯದಕ್ಕೂ ಹಿಂದಿನ ಕಥೆ. ನಿನ್ನ ಮೆಚ್ಚಿನ ಇನ್‌ಸ್ಪೆಕ್ಟರಿಗೆ ಇನ್ನೂ ತಲೆ ತುಂಬ ಕೂದಲು. ಹಳೆಯ ಕಥೆಯಲ್ಲಿ ಅವನ ಮುಖವನ್ನೂ ನೋಡದ ಆ ಎಸ್‌ಐ, ಇಲ್ಲಿ ಅವನ ತಟ್ಟೆಯಿಂದಲೇ ಮಂಡಕ್ಕಿ ತಿನ್ನುತ್ತಾನೆ.

ಇವತ್ತು ಅಂಗಡಿಯಲ್ಲಿ ಅದೇ ಚರ್ಚೆ. ಇವರು ಮಾತು ಬಿಟ್ಟಿದ್ದು ಯಾಕೆ?

"ಹುಡ್ಗಿ ವಿಷ್ಯ ಐತೆ, ನೋಡ್ತಿರ್ರಿ" ಎಂದ ಪಕ್ಕದ ಮೊಬೈಲ್ ಅಂಗಡಿಯ ಅಜೀಮ್.

"ಅಲ್ಲ, ಪ್ರಮೋಷನ್ ವಿಷ್ಯ" ಎಂದಳು ಬ್ಲೌಸ್ ಒಯ್ಯಲು ಬಂದಿದ್ದ ಸುಮಾ. "ಕೈಸರಣ್ಣ, ನೀವೇನಂತೀರಿ?"

"ಅಂಥಾ ದೊಡ್ಡ ಕಾರಣ ಏನೂ ಇರಲ್ಲ ಬಿಡ್ರಿ" ಎಂದೆ.

ಇಬ್ಬರೂ ನಕ್ಕರು. ಕಾರಣವೇ ಇಲ್ಲದೆ ಯಾರಾದರೂ ಮಾತು ಬಿಡುತ್ತಾರಾ ಎಂದರು.

ಶುಕ್ರವಾರದ ಕಂತಿನಲ್ಲಿ ಕಾರಣ ಹೇಳುತ್ತಾರಂತೆ. ಅವರದಾದರೂ ಗೊತ್ತಾಗಲಿ.