ಕೆಂಪು ಚೌಕಗಳು

ಮಲಾಡ್
೧೪ ನವೆಂಬರ್ ೨೦೨೫

ಅಕ್ಕನ ಕಣ್ಮಣಿ ಅಕ್ಷಯನಿಗೆ,

ಭಲೇ! ಭಲೇ ತಮ್ಮಾ! ರಾತ್ರಿ ಯಕ್ಷಗಾನ ಕುಣಿಯುತ್ತಿದ್ದ ಅಪ್ಪನ ಜೊತೆ ರಂಗಸ್ಥಳದ ಹಿಂದೆ ಬೆಳೆದ ನಾನು ಎಷ್ಟೋ ಶಕುನಿಗಳಿಗೆ ಮೀಸೆ ಅಂಟಿಸಿದ್ದೇನೆ. ಮುಖಕ್ಕೆ ಬಣ್ಣ ಹಚ್ಚದೆ ಆ ಪಾತ್ರ ಗೆದ್ದವನು ನೀನೊಬ್ಬನೇ.

ದಾದರಿನ ಹೋಟೆಲಿನಲ್ಲಿ ದುಡಿದು ಅಪ್ಪ ಕೊಂಡ ವಸಾಯಿಯ ಹೊಲದಲ್ಲಿ ಬಾವಿಯ ಬದಿ ನನ್ನದು, ಗೇಟಿನ ಬದಿ ನಿನ್ನದು. ಮಣ್ಣು ಪರೀಕ್ಷೆಯೇ ನಿನ್ನ ಕಸುಬು. ನೀನು ಹೊಲವನ್ನು ಚೌಕ ಚೌಕವಾಗಿ ಅಳೆದೆ, ಪ್ರತಿ ಚೌಕದ ಮಣ್ಣನ್ನೂ ನನ್ನ ಫ್ಲ್ಯಾಟಿನ ಗ್ಯಾಲರಿಯಲ್ಲೇ ಒಣಗಿಸಿದೆ. ಸೊಸೈಟಿ ಸೆಕ್ರೆಟರಿಯ ಬೈಗುಳ ತಿಂದವಳು ನಾನು!

ಆಮೇಲೆ ನೀನು ನಕ್ಷೆ ಹರಡಿದೆ. ನಿನ್ನ ಭಾಗ ಹಸಿರು. ನನ್ನದು ಕೆಂಪೇ ಕೆಂಪು. "ಅಕ್ಕಾ, ನಿನ್ನದು ಪೂರಾ ಹುಳಿ ಮಣ್ಣು. ಯಾವ ಚೌಕಕ್ಕೆ ಎಷ್ಟು ಸುಣ್ಣ ಅಂತ ಇದರಲ್ಲೇ ಉಂಟು. ನಿನಗೆ ಆ ಝಂಝಟ್ ಬೇಡ, ನನ್ನ ಭಾಗ ತಗೋ, ನಿನ್ನದು ನನಗಿರಲಿ," ಅಂದೆ. ನಾನು ಅತ್ತುಬಿಟ್ಟೆ. ನನ್ನ ತಮ್ಮ ಕರ್ಣ ಎಂದು ಬಿಲ್ಡಿಂಗಿಗೆಲ್ಲ ಸಾರಿದೆ.

ಕಾಗದ ಆಗುವ ಮೊದಲೇ ಭಾಗ ಬದಲಿಸಿಕೊಂಡು ಇಬ್ಬರೂ ಬಸಳೆ ನೆಟ್ಟೆವು. ಮೊನ್ನೆ ನಾನು ಹೊಲಕ್ಕೆ ಹೋದೆ. ನಿನ್ನ ಹಸಿರು ಚೌಕಗಳಲ್ಲಿ ನನ್ನ ಬಸಳೆ ಮುರುಟಿ ನಿಂತಿದೆ. ಬಾವಿಯ ಬದಿ ನಿನ್ನ ಬಸಳೆ ಅಂಗೈಯಗಲ! ನೆಲಕ್ಕೆ ಬಗ್ಗಿ ಕೆದಕಿದೆ. ಒಂದು ಹಿಡಿ ಸುಣ್ಣವೂ ಬಿದ್ದ ಗುರುತಿಲ್ಲ. ಹುಳಿ ಮಣ್ಣಿಗೆ ಸುಣ್ಣವೇ ಮದ್ದೆಂದು ನನಗೆ ಕಲಿಸಿದವನು ನಿನ್ನ ಹೊಲಕ್ಕೇ ಅದನ್ನು ಹಾಕಲಿಲ್ಲವೇಕೆ?

ಎರಡೂ ಬದಿಯ ಮಣ್ಣನ್ನು ಬೇರೆ ಕಡೆ ಪರೀಕ್ಷೆಗೆ ಕೊಟ್ಟೆ. ಹುಳಿ ಇರುವುದು ಗೇಟಿನ ಬದಿಗೆ. ನಾನು ಚಹಾ ಮಾಡಲು ಒಳಗೆ ಹೋದಾಗ ನೀನು ಮಣ್ಣಿನ ಚೀಲಗಳ ಚೀಟಿ ಬದಲಿಸಿದ್ದೆ, ಅಲ್ಲವೇ? ಫೋನಿನಲ್ಲಿ ಕೇಳಿದರೆ, "ಡ್ರಾಮಾ ಮಾಡ್ಬೇಡ ಯಾರ್, ಸೋಮವಾರ ಕಾಗದಕ್ಕೆ ಸಹಿ ಹಾಕು," ಎಂದು ನೀನು ನಕ್ಕೆ.

ಆಗಲಿ, ಡ್ರಾಮಾವೇ ಆಗಲಿ! ಭಾನುವಾರ ಬೆಳಿಗ್ಗೆ ಟೆಂಪೋ ತುಂಬ ಸುಣ್ಣ ಬರುತ್ತದೆ, ನಿನ್ನ ನಕ್ಷೆ ಹೇಳಿದಷ್ಟೇ. ನಕ್ಷೆ ಸತ್ಯವಾದರೆ ನನ್ನೆದುರು ಬಾವಿಯ ಬದಿಗೆ ಎಲ್ಲವನ್ನೂ ಸುರಿ. ಮರುದಿನ ಅದಲುಬದಲಿನ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ. ಸುಳ್ಳಾದರೆ, ಒಳ್ಳೆಯ ಮಣ್ಣಿಗೆ ಅಷ್ಟು ಸುಣ್ಣ ಬಿದ್ದರೆ ಅದು ಹೇಗೆ ಕೆಡುತ್ತದೆಂದು ನಿನಗೆ ನಾನು ಹೇಳಬೇಕೆ?

ಇನ್ನೂ ನಿನ್ನ ಅಕ್ಕನೇ ಆಗಿರುವ,
ವಾರಿಜಾ

ಮರೆತಿದ್ದೆ: ಟೆಂಪೋದಲ್ಲಿ ಅಮ್ಮನೂ ಬರುತ್ತಾಳೆ. ಅವಳಿಗೆ ನಾನು ಏನೂ ಹೇಳಿಲ್ಲ. ಅಕ್ಕನಿಗಾಗಿ ಕೆಟ್ಟ ಮಣ್ಣನ್ನು ತಾನಿಟ್ಟುಕೊಂಡ ಮಗನಿಗೆಂದು ಪತ್ರೊಡೆ ಕಟ್ಟಿಕೊಂಡಿದ್ದಾಳೆ.