ಜಗಲಿಯಲ್ಲಿ ಕೂತು ಎಣಿಸಿದ ಊರು

ನನ್ನ ಮುದ್ದಿನ ದೊಡ್ಡಮ್ಮಾ,

ನೀವು ನಮ್ಮನ್ನೆಲ್ಲ ಬಿಟ್ಟು ತೀರಿಹೋಗಿ ಎರಡು ಮಳೆಗಾಲ ಕಳೆಯಿತು. ಮೊದಲು ಸಿಹಿ ಸುದ್ದಿ: ನನ್ನ ಮದುವೆ ಆಯಿತು! ಪೆರಾಬೆಯ ಪ್ರಜ್ವಲ್ ಜೊತೆ. ಎಷ್ಟು ಒಳ್ಳೆಯವನು ಗೊತ್ತಾ? ನಾನು ಸುಟ್ಟು ಕರಕಲು ಮಾಡಿದ ನೀರುದೋಸೆಯನ್ನೂ 'ಸೂಪರ್' ಅಂತ ತಿನ್ನುತ್ತಾನೆ. ಆದರೆ ಇವತ್ತು ಪೆನ್ನು ಹಿಡಿದದ್ದು ಆ ಖುಷಿಗಲ್ಲ. ಸಿಟ್ಟಿಗೆ. ಮೈಯೆಲ್ಲ ಉರಿಯುವಷ್ಟು ಸಿಟ್ಟಿಗೆ.

ನೆನಪಿದೆಯಾ, ಜಾಲ್ಸೂರಿನಲ್ಲಿ ನೀವು ಅಂಗನವಾಡಿಯ ಸರ್ವೆಗೆ ಹೊರಟರೆ ರಜೆಗೆ ಬಂದ ನಾನೂ ಹಿಂದೆಯೇ ಓಡುತ್ತಿದ್ದೆ? ಒಂದು ಮನೆಯಲ್ಲಿ ತುಳು, ಮುಂದಿನ ಮನೆಯಲ್ಲಿ ಬ್ಯಾರಿ, ಅದರಾಚೆ ಅರೆಭಾಷೆ. ಭಾಷೆ ಬದಲಾದರೂ ಪ್ರಶ್ನೆ ಒಂದೇ: ಇವತ್ತು ಇಲ್ಲಿ ಯಾರೆಲ್ಲ ಊಟ ಮಾಡುತ್ತೀರಿ? ರೇಷನ್ ಕಾರ್ಡು ಹಿಡಿದು ಬಂದವರಿಗೆ, "ಕಾರ್ಡು ಊಟ ಮಾಡುದಿಲ್ಲ ಮಾರಾಯ್ರೆ, ಜನ ತೋರಿಸಿ" ಅನ್ನುತ್ತಿದ್ದಿರಿ.

ನಿನ್ನೆ ಬೆಳಿಗ್ಗೆ ಇಲ್ಲಿಗೂ ಗಣತಿಯ ಟೀಚರ್ ಬಂದರು. ಅವರ ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ನಮ್ಮ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲೇ ಕೂತು ಅಕ್ಕಪಕ್ಕದ ಮನೆಗಳಿಗೆ ಫೋನ್ ಮಾಡಿ ವಿವರ ತುಂಬುತ್ತಿದ್ದರು. ಗುಡ್ಡದ ಮೇಲಿನ ಕಾಲನಿಗೆ ಫೋನ್ ಹೋಗುವುದಿಲ್ಲ. ಅವರ ಪರವಾಗಿ ಮಾವ, ಪ್ರಜ್ವಲ್‌ನ ಅಪ್ಪ, ಹೇಳುತ್ತಿದ್ದರು, ಊರೇ ಬಾಯಿಪಾಠ ಅನ್ನುವ ಹಾಗೆ!

"ಸುಂದರಿಯ ಮನೆಯಲ್ಲಿ?" ಟೀಚರ್ ಕೇಳಿದರು.

"ಒಬ್ಬಳೇ. ಬರೀರಿ."

"ಮಾವ, ಅವರ ಮಗಳು ವನಿತಾ ಇದ್ದಾಳಲ್ಲ? ಅವಳ ಎರಡು ಮಕ್ಕಳೂ..."

"ಮದುವೆ ಆಗಿ ಹೋದವಳು. ಗಂಡನ ಮನೆಯಲ್ಲಿ ಬರೆಸ್ತಾರೆ."

"ಗಂಡ ಹೊರಗೆ ಹಾಕಿ ವರ್ಷ ಆಯ್ತಂತೆ! ಅವನು ಎಂತಕ್ಕೆ ಬರೆಸ್ತಾನೆ?"

"ನೀನು ಬಂದು ಎರಡು ತಿಂಗಳು ಆಗ್ಲಿಲ್ಲ, ನಿನಗೆ ಎಂತ ಗೊತ್ತುಂಟು? ಅವರ ಜಾತಿ ಸರಿಯಾಗಿ ಹೇಳಿದ್ದೇನೆ, ಸಾಕು."

ಜಾತಿ ಸರಿ ಇದ್ದರೆ ಮೂರು ಜೀವ ಕಾಣೆಯಾಗಬಹುದಾ, ದೊಡ್ಡಮ್ಮಾ? ಅದೇ ವನಿತಾ ದಿನಾ ನಮ್ಮ ತೋಟದಲ್ಲಿ ಅಡಿಕೆ ಹೆಕ್ಕುತ್ತಾಳೆ. ಒಂದು ದಿನ ತಪ್ಪಿಸಿದರೆ ಮಾವನೇ ಹೇಳಿ ಕಳಿಸುತ್ತಾರೆ. ಕೆಲಸಕ್ಕೆ ಇರುವವಳು ಊರಿನ ಲೆಕ್ಕಕ್ಕೆ ಯಾಕೆ ಇಲ್ಲ? ಪ್ರಜ್ವಲ್ ಕಡೆ ನೋಡಿದೆ. ನನ್ನ ಪ್ರಪಂಚದ ಬೆಸ್ಟ್ ಗಂಡ ಕಾಲಿನ ಉಗುರು ನೋಡುತ್ತಿದ್ದ!

ಗುಡ್ಡಕ್ಕೇ ಹೋಗುವ ಬನ್ನಿ ಎಂದು ಕರೆದರೆ ಟೀಚರ್ ಊದಿದ ಕಾಲು ತೋರಿಸಿದರು. ಪಾಪ, ಅವರನ್ನು ಬೈಯುವುದು ಹೇಗೆ? "ಹಾಗಾದರೆ ಅವರನ್ನೇ ಇಲ್ಲಿಗೆ ಕರೆದುಕೊಂಡು ಬರ್ತೇನೆ" ಅಂದೆ. ಮಾವನ ಮುಖ ಕಪ್ಪಿಟ್ಟಿತು. ಯಾಕೆಂದು ಆಮೇಲೆ ಗೊತ್ತಾಯಿತು. ಕಾಲನಿಯವರು ಯಾರೂ ನಮ್ಮ ಜಗಲಿ ಹತ್ತಿದ್ದೇ ಇಲ್ಲವಂತೆ. ಈ ಕಾಲದಲ್ಲಿ! ನಾನು ಮದುವೆಯಾಗಿ ಬಂದ ಮನೆಯಲ್ಲಿ!

ವನಿತಾ ಮಕ್ಕಳ ಕೈ ಹಿಡಿದು ಬಂದವಳು ಅಂಗಳದಲ್ಲೇ ನಿಂತಳು. "ಇಲ್ಲಿಂದಲೇ ಹೇಳ್ತೇನೆ, ಅಕ್ಕ."

"ಆಮೇಲೆ ಸೇರಿಸಿದವರ ಫೋಟೋ ಕಳಿಸ್ಬೇಕು, ಅಲ್ಲಿ ನೆಟ್‌ವರ್ಕ್ ಇಲ್ಲ, ಮೇಲೆ ಬಾಮ್ಮ" ಎಂದರು ಟೀಚರ್. ನಾನು ಕೈ ಚಾಚಿದೆ. ಅವಳು ಮಾವನನ್ನು ನೋಡಿದಳು, ಮಕ್ಕಳನ್ನು ನೋಡಿದಳು, ಮತ್ತೆ... ಹತ್ತಿದಳು. ಮಾವ ಎದ್ದು ಒಳಗೆ ಹೋದರು. ವನಿತಾ ಮೂರು ಹೆಸರನ್ನೂ ನಿಧಾನವಾಗಿ ಬರೆಸಿದಳು. ಸುಂದರಿಯ ಮನೆಯಲ್ಲಿ ಈಗ ನಾಲ್ಕು ಜನ.

ಮಾವ ನನ್ನೊಡನೆ ಇನ್ನೂ ಮಾತಾಡಿಲ್ಲ. ಅವರ ಬಾಯಿಮಾತಿನ ಮೇಲೆ ಬರೆದ ಕಾಲನಿಯ ಮನೆ ಇನ್ನೂ ಐದು ಉಂಟು. ತಿದ್ದಲು ಟೀಚರ್ ನಾಳೆ ಬರುತ್ತಾರೆ. ಅವರೆಲ್ಲರನ್ನೂ ಕರೆತರುತ್ತೇನೆ, ದೊಡ್ಡಮ್ಮಾ, ಜಗಲಿಯಲ್ಲೇ ಕೂರಿಸುತ್ತೇನೆ. ಕುರ್ಚಿ ಹಾಕುವುದು ತನ್ನ ಕೆಲಸ ಎಂದು ಪ್ರಜ್ವಲ್ ಹೇಳಿದ್ದಾನೆ.

ನಿಮ್ಮ
ಚಿನ್ನು