ತೆರೆಯದ ಕಿಟಕಿಗಳ ಆಸ್ಪತ್ರೆಯ ಅಧೀಕ್ಷಕರಿಗೆ

ಮಾನ್ಯ ಅಧೀಕ್ಷಕರೇ,

ನನ್ನ ಹೆಂಡತಿ ನಿಮ್ಮ ಆಸ್ಪತ್ರೆಗೆ ಬಂದದ್ದು ಮುರಿದ ತೊಡೆಮೂಳೆಗೆ ಚಿಕಿತ್ಸೆ ಪಡೆಯಲು. ಮೂಳೆ ಕೂಡಿತು, ಅದಕ್ಕೆ ನಾವು ಋಣಿಗಳು. ಆದರೆ ಅವಳು ಮನೆಗೆ ಹೊರಟಾಗ ನಾವು ಕೇಳದೇ ಇದ್ದದ್ದೊಂದನ್ನೂ ನೀವು ಜೊತೆಗೆ ಕಟ್ಟಿ ಕಳಿಸಿದಿರಿ: ಕ್ಷಯ. ಈ ಮಾತನ್ನು ನಿಮ್ಮೆದುರು ಕೂತು ಹೇಳಬೇಕೆಂದು ಎಷ್ಟೋ ಸಲ ನಿಮ್ಮ ಕೋಣೆಯ ಬಾಗಿಲಿಗೆ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮೀಟಿಂಗು ರೋಗಿಗಳ ಸುರಕ್ಷತೆಯ ಬಗ್ಗೆಯೇ ಇದ್ದಿರಬಹುದು, ನಾನು ಅಡ್ಡಿ ಮಾಡಲಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಅವಳು ಅದೇ ಶಾಲೆಯ ವ್ಯಾನು ಓಡಿಸುತ್ತಿದ್ದವಳು. ಒಂದು ಕಡೆ ಕಾಲೂರಿ ಕೂತು ಗೊತ್ತಿಲ್ಲದ ಹೆಂಗಸು. ಮಕ್ಕಳನ್ನೆಲ್ಲ ಇಳಿಸಿ ಖಾಲಿ ವ್ಯಾನಿನಲ್ಲಿ ಹಿಂತಿರುಗುವಾಗ ಲಾರಿಯೊಂದು ಗುದ್ದಿತು. ನಿಮ್ಮ ಮೂಳೆ ವಿಭಾಗದಲ್ಲಿ ಅವಳ ಕಾಲಿಗೆ ಭಾರ ಕಟ್ಟಿ, ಹಗ್ಗ ರಾಟೆಗಳಿಂದ ಎಳೆದು, ಅಲುಗಾಡಬೇಡ ಎಂದು ಮಲಗಿಸಿದರು. ವಾರಗಟ್ಟಲೆ ಅವಳು ಹಾಗೇ ಇದ್ದಳು. ಮಗ್ಗುಲು ಬದಲಿಸುವುದಕ್ಕೂ ಇನ್ನೊಬ್ಬರು ಬೇಕು.

ಆ ವಾರ್ಡನ್ನು ನೀವು ಬಲ್ಲಿರಿ, ಉದ್ಘಾಟನೆ ನಿಮ್ಮ ಕಾಲದಲ್ಲೇ ಆದದ್ದು. ಅಂದು ಏಸಿ ಹಾಕಿಸಿದಿರಿ. ತಂಪು ಹೊರಗೆ ಸೋರಬಾರದೆಂದು ಕಿಟಕಿಗಳಿಗೆಲ್ಲ ಸ್ಕ್ರೂ ಹೊಡೆಸಿದಿರಿ. ಏಸಿ ಬೇಗನೆ ಕೆಟ್ಟಿತು, ಸ್ಕ್ರೂಗಳು ಮಾತ್ರ ಕೆಡಲಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಅಷ್ಟು ನಿಷ್ಠೆಯಿಂದ ಕೆಲಸ ಮಾಡುವ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ. ಗಾಜಿನಾಚೆ ಬೇವಿನ ಮರದ ಎಲೆ ಅಲುಗಾಡುವುದು ಕಾಣುತ್ತಿತ್ತು. ಒಳಗೆ ಮಾತ್ರ ನಿನ್ನೆಯ ಗಾಳಿಯನ್ನೇ ಎಲ್ಲರೂ ಸರದಿಯಂತೆ ಉಸಿರಾಡಬೇಕು.

ಪಕ್ಕದ ಮಂಚಕ್ಕೆ ಸೊಂಟ ಮುರಿದುಕೊಂಡ ಅಜ್ಜಿಯೊಬ್ಬರು ಬಂದರು. ಬರುವಾಗಲೇ ಕೆಮ್ಮುತ್ತಿದ್ದರು. ಮನೆಯಲ್ಲೂ ಬಹಳ ದಿನದಿಂದ ಇತ್ತಂತೆ, ಮೈ ಇಳಿದು ಹೋಗಿತ್ತು. ಪ್ರತಿ ಸಲ ಕೆಮ್ಮಿದ ಮೇಲೂ ಸೆರಗಿನಿಂದ ಬಾಯಿ ಒರೆಸಿಕೊಂಡು, "ತಪ್ಪು ತಿಳ್ಕೋಬೇಡ ಮಗಳೇ, ನಿದ್ದೆ ಕೆಡಿಸ್ತಿದೀನಿ" ಎನ್ನುತ್ತಿದ್ದರು. ನನ್ನ ಹೆಂಡತಿ ಅವರಿಗೆ ತನ್ನ ಬಿಸಿನೀರಿನ ಫ್ಲಾಸ್ಕು ಕೊಟ್ಟಳು. ಇಬ್ಬರೂ ದಿನವಿಡೀ ಮಾತಾಡಿಕೊಂಡಿದ್ದರು. ಆ ಅಜ್ಜಿಯ ಮೇಲೆ ನಮಗೆ ಎಳ್ಳಷ್ಟೂ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಬೇಕೆಂದು ಆ ಮಂಚ ಆರಿಸಿಕೊಂಡವರಲ್ಲ.

ರೌಂಡ್ಸಿಗೆ ಬಂದ ಡಾಕ್ಟರರಿಗೆ ಕೆಮ್ಮಿನ ವಿಚಾರ ನಾನೇ ಹೇಳಿದೆ. ಇದು ಮೂಳೆ ವಿಭಾಗ, ಕೆಮ್ಮಿಗೆ ಬೇರೆಯವರು ಬರಬೇಕು ಎಂದರು. ಬೇರೆಯವರು ಬಂದು ಕಫ ಪರೀಕ್ಷೆಗೆ ಬರೆದರು. ಕಫ ಹೋಯಿತು, ವರದಿ ಬರಲಿಲ್ಲ. ಕೇಳಿದಾಗಲೆಲ್ಲ ನಾಳೆ ಎನ್ನುತ್ತಿದ್ದರು. ಅಷ್ಟರಲ್ಲಿ ಅಜ್ಜಿಗೆ ಒಂದು ಮಾಸ್ಕನ್ನಾದರೂ ಕೊಟ್ಟರೇ? ಮಂಚವನ್ನಾದರೂ ದೂರ ಸರಿಸಿದರೇ? ಕಡೆಗೆ ಒಂದು ಮಧ್ಯಾಹ್ನ ಇಬ್ಬರು ಬಂದು ಅವರನ್ನು ತಳ್ಳುಕುರ್ಚಿಯಲ್ಲಿ ಕರೆದುಕೊಂಡು ಹೋದರು. ಏನಾಯಿತೆಂದು ಯಾರೂ ಹೇಳಲಿಲ್ಲ. ಆ ಮಂಚಕ್ಕೆ ಹೊಸ ಹೊದಿಕೆ ಹಾಸಿದರು, ಕಿಟಕಿಗಳು ಹಾಗೇ ಇದ್ದವು.

ಮನೆಗೆ ಬಂದು ಕೋಲೂರಿ ನಡೆಯಲು ಕಲಿತ ಮೇಲೆ, ಇನ್ನೇನು ವ್ಯಾನು ಹತ್ತಬೇಕು ಎನ್ನುವ ಹೊತ್ತಿಗೆ, ಅವಳಿಗೆ ಸಂಜೆ ಸಂಜೆ ಜ್ವರ ಹತ್ತತೊಡಗಿತು. ಆಮೇಲೆ ಕೆಮ್ಮು. ಆಮೇಲೆ ಬಟ್ಟೆಯೆಲ್ಲ ದೊಗಳೆಯಾಯಿತು. ಕ್ಷಯ ಎಂದು ಗೊತ್ತಾದಾಗ ನಿಮ್ಮ ಡಾಕ್ಟರರು ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದರು. ಮನೆಯಲ್ಲಿಲ್ಲ, ನಿಮ್ಮಲ್ಲಿತ್ತು ಎಂದೆ. ಅವರು ಮಾತ್ರೆಯ ಚೀಟಿ ಬರೆದುಕೊಟ್ಟರು.

ನಾನು ಬರೆದ ದೂರಿಗೆ ನಿಮ್ಮ ಕಚೇರಿ ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: ಸೋಂಕು ಆಸ್ಪತ್ರೆಯಲ್ಲೇ ತಗುಲಿತೆಂಬುದಕ್ಕೆ ಪುರಾವೆ ಇಲ್ಲ. ನಿಜ, ಪುರಾವೆ ಇಲ್ಲ. ಬಿದ್ದು ಪೆಟ್ಟಾದರೆ ಅಲ್ಲೇ ರಕ್ತ ಕಾಣುತ್ತದೆ. ಕ್ಷಯ ಹಾಗಲ್ಲ, ಒಳಗೆ ಹೊಕ್ಕು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಅದು ಎದ್ದು ಕೂಗುವಷ್ಟರಲ್ಲಿ ರೋಗಿ ನಿಮ್ಮ ಗೇಟು ದಾಟಿ ಎಷ್ಟೋ ಕಾಲವಾಗಿರುತ್ತದೆ. ಆಸ್ಪತ್ರೆಯ ಮರ್ಯಾದೆಯನ್ನು ಇಷ್ಟು ಜೋಪಾನವಾಗಿ ಕಾಯುವ ರೋಗ ಬೇರೊಂದಿದೆಯೇ? ಪುರಾವೆ ಇಲ್ಲದಿರುವುದಕ್ಕೂ ತಪ್ಪು ಇಲ್ಲದಿರುವುದಕ್ಕೂ ನಡುವೆ ಅಂತರವಿದೆ ಎಂದು ನಿಮಗೆ ನಾನು ಹೇಳಿಕೊಡಬೇಕೇ?

ಮಾತ್ರೆ ಶುರುವಾದ ಮೊದಲ ದಿನಗಳಲ್ಲೇ ಅವಳು ಕೆಮ್ಮಿದಾಗ ರಕ್ತ ಬಿತ್ತು. ಎಲ್ಲಿಗೆ ಹೋಗೋಣ? ಈ ಊರಿಗಿರುವುದು ನೀವೊಬ್ಬರೇ. ಮತ್ತೆ ನಿಮ್ಮ ಹತ್ತಿರವೇ ಬಂದೆವು. ಕ್ಷಯದವರಿಗೆಂದು ಪ್ರತ್ಯೇಕ ಕೊಠಡಿ ಇದೆ, ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದೂ ಇದೆ. ಒಳಗೆ ಹರಿದ ಹಾಸಿಗೆಗಳನ್ನೂ ಮುರಿದ ಕುರ್ಚಿಗಳನ್ನೂ ಸೂರಿನವರೆಗೆ ಒಟ್ಟಿದ್ದಾರೆ. ಕುರ್ಚಿಗಳಿಗೆ ಯಾರಿಂದಲೂ ಸೋಂಕು ತಗುಲಬಾರದೆಂಬ ನಿಮ್ಮ ಮುತುವರ್ಜಿ ಮೆಚ್ಚಬೇಕಾದದ್ದೇ. ನನ್ನ ಹೆಂಡತಿಯನ್ನು ಹೆಂಗಸರ ಸಾಮಾನ್ಯ ವಾರ್ಡಿಗೆ ಹಾಕಿದರು. ಪಕ್ಕದಲ್ಲಿ ಬಸುರಿಯೊಬ್ಬಳು, ವಾಂತಿಯಿಂದ ಸೋತು ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ಅಲ್ಲೂ ಕಿಟಕಿ ತೆರೆಯುವಂತಿರಲಿಲ್ಲ.

ನನ್ನ ಹೆಂಡತಿ ಒಂದು ಸಲ ಆ ಹುಡುಗಿಯ ಕಡೆ ನೋಡಿದಳು. ನರ್ಸನ್ನು ಕರೆದು ಮೆಲ್ಲಗೆ ಹೇಳಿದಳು:

"ಸಿಸ್ಟರ್, ನನ್ನನ್ನ ಬೇರೆ ಕಡೆ ಹಾಕಿ. ನನಗೆ ಏನಾಗಿದೆ ಅಂತ ಈ ಹುಡುಗಿಗೆ ಗೊತ್ತಿಲ್ಲ."

"ಎಲ್ಲಿಗೆ ಹಾಕ್ಲಮ್ಮ? ಜಾಗ ಇಲ್ಲ" ಎಂದರು ಅವರು. ಆಮೇಲೆ ದನಿ ತಗ್ಗಿಸಿ, "ನನಗೂ ಹೋದ ವರ್ಷ ಇದೇ ಬಂದಿತ್ತು. ಇಲ್ಲೇ ಬಂದದ್ದು. ಯಾರಿಗೆ ಅಂತ ಹೇಳ್ಲಿ?" ಎಂದು ಮುಂದಿನ ಮಂಚಕ್ಕೆ ಹೋದರು.

ನನ್ನವಳು ಎದ್ದು ಕೂತಳು. ಕೋಲು ಕೊಡಿ ಎಂದಳು. ನಾನು ಬೇಡವೆಂದೆ, ರಕ್ತ ಬಿದ್ದ ಮೈ, ಮಲಗು ಎಂದೆ. "ರೀ, ನಾನು ಅವತ್ತು ಎದ್ದು ಹೋಗೋ ಹಾಗಿರ್ಲಿಲ್ಲ. ಇವತ್ತು ಹೋಗಬಲ್ಲೆ" ಎಂದಳು. ಒಂದು ಕೈಯಲ್ಲಿ ಕೋಲು, ಬಾಯಿಗೆ ನನ್ನ ಕರ್ಚೀಫು. ವಾರ್ಡು ದಾಟಿ, ಮೆಟ್ಟಿಲ ಪಕ್ಕದ ತೆರೆದ ಜಗಲಿಗೆ ಹೋಗಿ, ಅಲ್ಲಿದ್ದ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ಕಾವಲುಗಾರ ಬಂದು ಗದರಿದ, ಅವಳು ಏಳಲಿಲ್ಲ. ಡಾಕ್ಟರರೊಬ್ಬರು ಬಂದು ರೋಗಿ ಸಹಕರಿಸುತ್ತಿಲ್ಲ ಎಂದು ಷರಾ ಬರೆದರು. ಮದ್ದು ಇಲ್ಲಿಗೇ ತಂದುಕೊಡಿ, ತಗೊಳ್ತೀನಿ ಎಂದಳು. ಕೊನೆಗೆ ತಂದುಕೊಟ್ಟದ್ದು ಅದೇ ನರ್ಸು.

ಆಗ ನೀವು ಬಂದಿರಿ, ನೆನಪಿದೆಯೇ? ಮೆಟ್ಟಿಲ ತುದಿಯಲ್ಲೇ ನಿಂತು, ರೋಗಿಗಳು ಕಂಡಕಂಡಲ್ಲಿ ಕೂತರೆ ಆಸ್ಪತ್ರೆಯ ಶಿಸ್ತು ಏನಾಗಬೇಕು ಎಂದು ಕೇಳಿದಿರಿ. ನಿಮ್ಮ ಮುಖದ ಮೇಲೆ ಒಳ್ಳೆಯ ದಪ್ಪ ಮಾಸ್ಕಿತ್ತು. ನರ್ಸಿನ ಮುಖದ ಮೇಲೆ ತೆಳುಬಟ್ಟೆಯ ಚೂರು. ಬಸುರಿಯ ಮುಖದ ಮೇಲೆ ಏನೂ ಇರಲಿಲ್ಲ. ಆವತ್ತು ನನಗೊಂದು ಖಾತ್ರಿಯಾಯಿತು. ನಿಮ್ಮ ಆಸ್ಪತ್ರೆಯ ಗಾಳಿಯಲ್ಲಿ ಏನಿದೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು.

ರಕ್ತ ನಿಂತಿತು. ಈಗ ಅವಳು ಚೇತರಿಸಿಕೊಳ್ಳುತ್ತಿದ್ದಾಳೆ. ಇನ್ನು ಅವಳಿಂದ ಯಾರಿಗೂ ಹರಡುವುದಿಲ್ಲ ಎಂದು ಪರೀಕ್ಷೆಯೇ ಹೇಳಿದೆ. ಶಾಲೆ ಮಾತ್ರ ಅವಳಿಗೆ ವ್ಯಾನು ಕೊಡುತ್ತಿಲ್ಲ, ತಂದೆತಾಯಿಯರು ಒಪ್ಪುವುದಿಲ್ಲವಂತೆ. ಹೆದರಬೇಕಾದ ಕಡೆ ಯಾರೂ ಹೆದರುತ್ತಿಲ್ಲ ನೋಡಿ. ಅವರ ಮಕ್ಕಳಿಗೆ ಜ್ವರ ಬಂದರೆ ನಿಮ್ಮ ಅದೇ ಮುಚ್ಚಿದ ಕಾರಿಡಾರಿನಲ್ಲಿ ಕೆಮ್ಮುವವರ ಮಧ್ಯೆ ಸಾಲಾಗಿ ಕೂರಿಸುತ್ತಾರೆ. ತಿಂಗಳಿಗೊಮ್ಮೆ ಮಾತ್ರೆಗೆಂದು ನಾವೂ ಅಲ್ಲೇ ಕೂರುತ್ತೇವೆ. ಬಸುರಿ ಹುಡುಗಿಯನ್ನು ಆಮೇಲೆ ಕಾಣಲಿಲ್ಲ. ಹೆಂಡತಿ ಪ್ರತಿ ಸಲವೂ ಆ ಸಾಲಿನಲ್ಲಿ ಅವಳ ಮುಖ ಹುಡುಕುತ್ತಾಳೆ, ಕಾಣದಿದ್ದರೆ ನೆಮ್ಮದಿಪಡುತ್ತಾಳೆ.

ನಾನು ಪರಿಹಾರ ಕೇಳುತ್ತಿಲ್ಲ, ವಿಷಾದವನ್ನೂ ಬೇಡುತ್ತಿಲ್ಲ. ಆ ಸ್ಕ್ರೂಗಳನ್ನು ಬಿಚ್ಚಿಸಿ. ಕೊಠಡಿಯಿಂದ ಕುರ್ಚಿಗಳನ್ನು ಹೊರಹಾಕಿ ಮನುಷ್ಯರನ್ನು ಇರಿಸಿ. ಬಾಗಿಲಲ್ಲೇ ಕೆಮ್ಮಿದೆಯೇ ಎಂದು ಕೇಳಿ, ಇದ್ದವರಿಗೆ ಮಾಸ್ಕು ಕೊಟ್ಟು ಗಾಳಿಯಾಡುವ ಕಡೆ ಕೂರಿಸಿ, ಕಫದ ವರದಿ ಬೇಗ ತರಿಸಿ. ನಿಮ್ಮ ನರ್ಸುಗಳಿಗೆ ನೀವು ಹಾಕಿಕೊಳ್ಳುವಂಥದೇ ಮಾಸ್ಕು ಕೊಡಿ, ಅವರನ್ನೂ ಪರೀಕ್ಷಿಸಿ. ಇದರಲ್ಲಿ ಯಾವುದಕ್ಕೂ ಉದ್ಘಾಟನಾ ಸಮಾರಂಭ ಬೇಕಿಲ್ಲ, ಬಹುಶಃ ಅದೇ ತೊಡಕು.

ನನ್ನ ಪತ್ರಕ್ಕೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಬರುವ ತಿಂಗಳು ನಾವು ಹೇಗೂ ಬರುತ್ತೇವೆ, ಬರದೆ ನಮಗೆ ವಿಧಿಯಿಲ್ಲ. ಒಳಗೆ ಕಾಲಿಟ್ಟ ಕೂಡಲೇ ನಿಮ್ಮ ಉತ್ತರ ಏನೆಂಬುದು ಉಸಿರಿಗೇ ತಿಳಿಯುತ್ತದೆ.

ಇಂತಿ,
ನಿಮ್ಮ ಆಸ್ಪತ್ರೆಯನ್ನು ಬಿಟ್ಟು ಬೇರೆ ಗತಿಯಿಲ್ಲದ,
ಸಹಕರಿಸದ ರೋಗಿಯೊಬ್ಬಳ ಗಂಡ